ಆಪತ್ತಿಗೆ ಮೊದಲೇ ಒಂದಿಷ್ಟು ಸಾಬೂನು



ನಿಮ್ಮ ಮನೆಯಲ್ಲಿ ಎಷ್ಟು ದಿನಕ್ಕಾಗುವಷ್ಟು ಅಕ್ಕಿ ಇದೆ ಎಂದು ಕೇಳಿದರೆ ಮನೆಯಲ್ಲಿ ಯಾರಾದರೊಬ್ಬರು ಥಟ್ಟನೆ ಉತ್ತರ ಹೇಳುತ್ತಾರೆ. ಎಷ್ಟು ದಿನಕ್ಕಾಗುವಷ್ಟು ಸಾಬೂನು ಇದೆ ಎಂದು ಕೇಳಿ ನೋಡಿ. ಬಚ್ಚಲುಮನೆಯ ಗೂಡಿನಲ್ಲಿ ಅರ್ಧ ಸವೆದ ಒಂದು ಬಿಲ್ಲೆ, ಬಟ್ಟೆ ಒಗೆಯುವ ಕಲ್ಲಿನ ಬಳಿ ಇನ್ನೊಂದು ತುಂಡು. ಬಹುಪಾಲು ಮನೆಗಳ ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆ. ತೀರಿದಾಗ ತಂದರಾಯಿತು, ಅಂಗಡಿ ಬೀದಿಯ ಮೂಲೆಯಲ್ಲೇ ಇದೆಯಲ್ಲ ಎಂಬ ಧೈರ್ಯ ನಮ್ಮದು. ಆ ಅಂಗಡಿ ಹತ್ತು ದಿನ ಬಾಗಿಲು ತೆರೆಯದಿದ್ದರೆ? ಅಥವಾ ಅಂಗಡಿಗೆ ಹೋಗುವ ದಾರಿಯೇ ನೀರಿನಲ್ಲಿ ಮುಳುಗಿದ್ದರೆ?

ಇದು ಊಹೆಯ ಪ್ರಶ್ನೆಯೇನೂ ಅಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರುಗಳೇ ನೀರಿನಲ್ಲಿ ನಿಂತವು; ಲಕ್ಷಾಂತರ ಜನ ಮನೆ ಬಿಟ್ಟು ಹೊರಟರು. ಅದಾದ ಏಳೇ ತಿಂಗಳಿಗೆ, 2020ರ ಮಾರ್ಚ್‌ನಲ್ಲಿ, ಒಂದು ಹನಿ ಮಳೆ ಬೀಳದೆಯೇ ಇಡೀ ದೇಶದ ಬಾಗಿಲು ಮುಚ್ಚಿತು. ಮೂರು ವರ್ಷದೊಳಗೆ ಮೂರು ಬಗೆಯ ಆಪತ್ತುಗಳು. ಮೂರರಲ್ಲೂ ಊಟದ ಚಿಂತೆ ಎಲ್ಲರಿಗೂ ಮೊದಲು ನೆನಪಾಯಿತು. ಶುಚಿಯ ಚಿಂತೆ ತಡವಾಗಿ ನೆನಪಾಯಿತು.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚು ಮುಂದಾಲೋಚನೆ ಇತ್ತು ಎಂದು ನನಗೆ ಅನ್ನಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲವೆಂದರೆ ಮೂರು ನಾಲ್ಕು ತಿಂಗಳ ಮುತ್ತಿಗೆ. ಹಳ್ಳ ತುಂಬಿದರೆ ಪೇಟೆಯ ದಾರಿ ಮುಚ್ಚಿತೆಂದೇ ಅರ್ಥ. ಹಾಗಾಗಿ ಬೇಸಿಗೆ ಮುಗಿಯುವುದರೊಳಗೆ ಸೌದೆ ಒಟ್ಟಬೇಕು, ಉಪ್ಪು ಬೆಲ್ಲ ತುಂಬಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು. ಈ ಪಟ್ಟಿ ನಿಮಗೆಲ್ಲ ಗೊತ್ತು. ಆದರೆ ಅದೇ ಅಟ್ಟದ ಮೇಲೆ ಅಂಟುವಾಳಕಾಯಿ, ಸೀಗೇಕಾಯಿಗಳೂ ಒಣಗಿ ಕೂತಿರುತ್ತಿದ್ದವು ಎಂಬುದನ್ನು ನಾವು ಮರೆಯುತ್ತೇವೆ. ಒಲೆಯ ಬೂದಿಯನ್ನು ಜರಡಿ ಹಿಡಿದು ಪಾತ್ರೆ ತಿಕ್ಕಲು ತೆಗೆದಿಡುತ್ತಿದ್ದರು. ಊಟದ ಸಾಮಾನು, ತೊಳೆಯುವ ಸಾಮಾನು ಎಂಬ ಭೇದ ಅವರಿಗಿರಲಿಲ್ಲ. ಎರಡೂ ಮಳೆಗಾಲದ ಸಾಮಾನೇ. ಅಂಗಡಿ ಹತ್ತಿರ ಬಂದ ಮೇಲೆ ನಾವು ಅಟ್ಟವನ್ನು ಹಳೆಯ ಸೂಟ್‌ಕೇಸುಗಳಿಗೆ ಬಿಟ್ಟುಕೊಟ್ಟೆವು.

ಈಗ ಪ್ರವಾಹ ಬಂದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಸುತ್ತ ಎಲ್ಲಿ ನೋಡಿದರೂ ನೀರು, ಆದರೆ ಬಾಯಿಗೆ ಹಾಕುವ ನೀರಿಲ್ಲ. ಏರಿಬಂದ ನೀರು ತಿಪ್ಪೆಯನ್ನು, ಚರಂಡಿಯನ್ನು, ಪಾಯಿಖಾನೆಯ ಗುಂಡಿಯನ್ನು, ಸತ್ತ ದನಕರುಗಳನ್ನು ಎಲ್ಲವನ್ನೂ ಒಂದು ಮಾಡಿ, ಕೊನೆಗೆ ಬಾವಿಗೂ ಇಳಿಯುತ್ತದೆ. ಅದರ ಹಿಂದೆಯೇ ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆಗಳು ಬರುವ ಸಂಭವ ಇರುತ್ತದೆ. ಇವೆಲ್ಲ ಕೈಯಿಂದ ಬಾಯಿಗೆ ಸಾಗುವ ರೋಗಗಳು. ಇನ್ನೊಂದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಲ್ಲಿ ನಡೆದಾಗ, ಕಾಲಿನ ಸಣ್ಣ ಗಾಯದ ಮೂಲಕ ಈ ರೋಗಾಣು ಒಳಗೆ ಹೋಗುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲವೆ? ನೀರು ಇಳಿದ ನಂತರದ ವಾರಗಳಲ್ಲಿ ಆ ನಗರವನ್ನು ಕಾಡಿದ್ದು ಇದೇ ಇಲಿಜ್ವರ. 2018ರ ಪ್ರವಾಹದ ನಂತರ ಕೇರಳವೂ ಇದರಿಂದ ತತ್ತರಿಸಿತು. ನೀರಿನಲ್ಲಿ ಮುಳುಗಿದವರ ಲೆಕ್ಕ ಪತ್ರಿಕೆಯ ಮೊದಲ ಪುಟದಲ್ಲಿ ಬರುತ್ತದೆ. ಮೂರು ವಾರದ ನಂತರ ಜ್ವರದಲ್ಲಿ ಹೋದವರ ಲೆಕ್ಕ ಒಳಪುಟಕ್ಕೆ ಸರಿಯುತ್ತದೆ.

ಪರಿಹಾರ ಶಿಬಿರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಶಾಲೆಯ ಕಟ್ಟಡ, ನೂರಾರು ಜನ, ನಾಲ್ಕೈದು ನಲ್ಲಿ, ಎರಡೋ ಮೂರೋ ಶೌಚಾಲಯ. ಅಲ್ಲಿ ಊಟ ಬಡಿಸುವ ಒಬ್ಬರ ಕೈ ಶುಚಿಯಾಗಿಲ್ಲದಿದ್ದರೆ ಸಾಲಿನಲ್ಲಿ ಕುಳಿತವರಿಗೆಲ್ಲ ಅಪಾಯ. ಅಂಥ ಕಡೆ ಒಂದು ಬಿಲ್ಲೆ ಸಾಬೂನಿಗೆ ಇರುವ ಬೆಲೆ ಎಂ.ಆರ್.ಪಿ.ಯಲ್ಲಿ ಬರೆದಿರುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಸಾಬೂನು ಹೇಗೆ ಕೆಲಸ ಮಾಡುತ್ತದೆಂದು ಪಾಠದಲ್ಲಿ ಓದಿರುತ್ತೀರಿ; ಉಳಿದವರಿಗಾಗಿ ಎರಡು ಮಾತು. ಸಾಬೂನಿನ ಅಣು ಒಂದು ಉದ್ದನೆಯ ಎಳೆ. ಅದರ ಒಂದು ತುದಿಗೆ ನೀರೆಂದರೆ ಪ್ರೀತಿ, ಇನ್ನೊಂದು ತುದಿಗೆ ಜಿಡ್ಡೆಂದರೆ ಪ್ರೀತಿ. ನಮ್ಮ ಕೈಯ ಕೊಳೆ, ರೋಗಾಣುಗಳು ಚರ್ಮದ ಜಿಡ್ಡಿಗೆ ಅಂಟಿಕೊಂಡಿರುತ್ತವೆ. ಬರಿಯ ನೀರು ಅವುಗಳ ಮೇಲೆ ಜಾರಿ ಹೋಗುತ್ತದೆ. ಸಾಬೂನಿನ ಎಳೆಗಳು ಜಿಡ್ಡಿನ ಕಣವನ್ನು ಸುತ್ತುವರಿದು ಚರ್ಮದಿಂದ ಬಿಡಿಸಿ, ನೀರಿನ ಜೊತೆ ಸಾಗಹಾಕುತ್ತವೆ. ಕೊರೋನಾದಂಥ ಕೆಲವು ವೈರಸ್‌ಗಳ ಹೊರಹೊದಿಕೆಯೇ ಕೊಬ್ಬಿನದು. ಸಾಬೂನು ಅದನ್ನು ಹರಿದೇ ಹಾಕುತ್ತದೆ. ಆದರೆ ಎಲ್ಲ ರೋಗಾಣುಗಳನ್ನೂ ಸಾಬೂನು ಕೊಲ್ಲುವುದಿಲ್ಲ. ಹಲವನ್ನು ಅದು ಕಿತ್ತು ತೊಳೆದುಹಾಕುತ್ತದೆ, ಅಷ್ಟೆ. ಅದಕ್ಕೇ ಕನಿಷ್ಠ 20 ಸೆಕೆಂಡು ತಿಕ್ಕಬೇಕು, ಬೆರಳ ಸಂದು, ಉಗುರಿನ ಕೆಳಗೆ ಬಿಡಬಾರದು, ಹರಿಯುವ ನೀರಿನಲ್ಲಿ ತೊಳೆಯಬೇಕು ಎನ್ನುವುದು. ಸಾಬೂನು ಇಲ್ಲವೇ ಇಲ್ಲವೆಂದಾಗ ಒಲೆಯ ಶುದ್ಧವಾದ ಬೂದಿ ಕೆಲಮಟ್ಟಿಗೆ ಅದರ ಕೆಲಸ ಮಾಡುತ್ತದೆ. ಬೂದಿಯಲ್ಲಿ ಕ್ಷಾರವಿದೆ, ತಿಕ್ಕುವ ಗುಣವಿದೆ. ಅಂಟುವಾಳದ ನೊರೆಯೂ ಅದೇ ಜಾತಿಯ ಉಪಕಾರಿ.

ಬ್ಲೀಚಿಂಗ್ ಪುಡಿಯದು ಬೇರೆ ದಾರಿ. ಅದರ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಇದಕ್ಕೂ ಒಂದು ಕಥೆಯಿದೆ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕೆಲಸ ಮಾಡುತ್ತಿದ್ದ. ಅವನಿದ್ದ ವಿಭಾಗದಲ್ಲಿ 1847ರ ಏಪ್ರಿಲ್‌ನಲ್ಲಿ ಬಾಣಂತಿಯರಲ್ಲಿ ನೂರಕ್ಕೆ 18 ಮಂದಿ ಜ್ವರದಿಂದ ಸತ್ತರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುತ್ತಾರೆ ಎಂಬುದನ್ನು ಅವನು ಗಮನಿಸಿದ. ಮೇ ತಿಂಗಳಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟುನಿಟ್ಟು ಮಾಡಿದ. ಜೂನ್‌ನಲ್ಲಿ ಸತ್ತವರು ನೂರಕ್ಕೆ ಎರಡು. ರೋಗಾಣು ಎಂಬ ಮಾತೇ ಇನ್ನೂ ಚಲಾವಣೆಗೆ ಬಾರದ ಕಾಲ ಅದು. ನಮ್ಮ ಹಳ್ಳಿಯ ಬಾವಿಗೆ ಆರೋಗ್ಯ ಇಲಾಖೆಯವರು ಹಾಕುವ ಬಿಳಿಯ ಪುಡಿ ಆ ದ್ರಾವಣದ ಖಾಸಾ ಬಂಧು.

ಇನ್ನು 2020ರ ಮಾರ್ಚ್. ಆಗ ನೀವು ಚಿಕ್ಕವರಿದ್ದಿರಬಹುದು, ಆದರೂ ನೆನಪಿರಬೇಕು. ಮುಖಗವಸು, ಸ್ಯಾನಿಟೈಸರ್‌ಗಳು ಅಂಗಡಿಗಳಿಂದ ಮಾಯವಾದವು. ಸಿಕ್ಕಿದರೂ ದುಪ್ಪಟ್ಟು ಬೆಲೆ. ಮಾರ್ಚ್ 13ರಂದು ಕೇಂದ್ರ ಸರ್ಕಾರ ಇವೆರಡನ್ನೂ ಅಗತ್ಯ ವಸ್ತುಗಳೆಂದು ಘೋಷಿಸಬೇಕಾಯಿತು, ಬಳಿಕ 200 ಮಿಲಿಲೀಟರ್ ಸ್ಯಾನಿಟೈಸರ್‌ಗೆ 100 ರೂಪಾಯಿಯ ಮಿತಿ ಹಾಕಬೇಕಾಯಿತು. ಮಾರ್ಚ್ 24ರಂದು ಇಡೀ ದೇಶಕ್ಕೆ ಬೀಗ ಬಿತ್ತು. ದಿನಸಿ ಸಾಗಿಸಲು ಅಡ್ಡಿಯಿಲ್ಲ ಎಂದು ಆದೇಶದಲ್ಲಿತ್ತು. ಆದರೆ ದಿನಸಿ ಎಂದರೆ ಯಾವುದು? ಸಾಬೂನು ದಿನಸಿಯೇ? ಸ್ಯಾನಿಟರಿ ಪ್ಯಾಡ್ ದಿನಸಿಯೇ? ಕಾರ್ಖಾನೆ, ಲಾರಿ, ಚೆಕ್‌ಪೋಸ್ಟುಗಳಲ್ಲಿ ಈ ಗೊಂದಲ ಎದ್ದಿತು. ಮಾರ್ಚ್ 29ರಂದು ಕೇಂದ್ರ ಗೃಹ ಕಾರ್ಯದರ್ಶಿಗಳು ರಾಜ್ಯಗಳಿಗೆ ಬರೆದು, ಕೈ ತೊಳೆಯುವ ದ್ರವ, ಸಾಬೂನು, ಬಟ್ಟೆಯ ಪುಡಿ, ಹಲ್ಲುಜ್ಜುವ ಪೇಸ್ಟು, ಸ್ಯಾನಿಟರಿ ಪ್ಯಾಡ್, ಮಕ್ಕಳ ಡಯಾಪರ್ ಎಲ್ಲವೂ ದಿನಸಿಯಲ್ಲೇ ಸೇರುತ್ತವೆ ಎಂದು ಸ್ಪಷ್ಟಪಡಿಸಿದರು. ಅಕ್ಕಿಯ ವಿಷಯದಲ್ಲಿ ಯಾರಿಗೂ ಇಂಥ ಅನುಮಾನ ಬರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಶಾಲೆಯ ಮೂಲಕ ಪ್ಯಾಡ್ ಪಡೆಯುತ್ತಿದ್ದ ಹೆಣ್ಣುಮಕ್ಕಳಿಗೆ ಶಾಲೆ ಮುಚ್ಚಿದ್ದರಿಂದ ಆ ದಾರಿಯೂ ಇಲ್ಲವಾಯಿತು. ಬಾಯಿಬಿಟ್ಟು ಕೇಳಲು ಸಂಕೋಚಪಡುವ ವಸ್ತುಗಳೇ ಆಪತ್ತಿನಲ್ಲಿ ಮೊದಲು ಕಾಣೆಯಾಗುತ್ತವೆ. ಮನೆಯ ಸಂಗ್ರಹದಲ್ಲಿ ಅವಕ್ಕೊಂದು ಜಾಗ ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಗಂಡುಮಕ್ಕಳೂ ಇದನ್ನು ಕೇಳಿಸಿಕೊಳ್ಳಲಿ.

ಹಾಗಾದರೆ ನಾಳೆಯೇ ಹೋಗಿ ಒಂದು ಪೆಟ್ಟಿಗೆ ಸಾಬೂನು ತಂದುಬಿಡಬೇಕೆ? ಖಂಡಿತ ಬೇಡ. ಸಂಗ್ರಹ ಬೇರೆ, ದಾಸ್ತಾನು ಬೇರೆ. ಊರೆಲ್ಲ ನೆಮ್ಮದಿಯಿಂದಿರುವಾಗ, ಅಂಗಡಿಯಲ್ಲಿ ಮಾಲು ತುಂಬಿರುವಾಗ, ತಿಂಗಳಿಗೊಂದು ಹೆಚ್ಚಾಗಿ ತಂದಿಟ್ಟರೆ ಅದು ಸಂಗ್ರಹ. ಸುದ್ದಿ ಕೇಳಿದೊಡನೆ ಓಡಿ, ಸಿಕ್ಕಿದ್ದೆಲ್ಲ ಬಾಚಿ ತಂದರೆ ಅದು ದಾಸ್ತಾನು. 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿದಾಗ ಜಪಾನಿನಲ್ಲಿ ಶೌಚದ ಕಾಗದ ಸಿಗುವುದಿಲ್ಲವಂತೆ ಎಂಬ ವದಂತಿ ಹಬ್ಬಿ, ಒಸಾಕಾ ಸಮೀಪದ ಬಡಾವಣೆಯೊಂದರ ಅಂಗಡಿಯ ಮುಂದೆ ಶುರುವಾದ ನೂಕುನುಗ್ಗಲು ಊರಿಂದೂರಿಗೆ ಹರಡಿತು. ಕಾಗದದ ಕಾರ್ಖಾನೆಗಳೇನೂ ನಿಂತಿರಲಿಲ್ಲ. ಕೊರತೆಯ ಭಯವೇ ಕೊರತೆಯನ್ನು ಹುಟ್ಟಿಸಿತು. 2020ರಲ್ಲಿ ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಅದೇ ಕಾಗದಕ್ಕಾಗಿ ಜನ ಜಗಳಾಡಿದ್ದನ್ನು ನೋಡಿ, ಚೊಂಬಿನ ನೀರು ಬಳಸುವ ನಾವು ನಕ್ಕೆವು.

ನಗುವುದಕ್ಕೆ ಮೊದಲು ಸೂರತ್ತನ್ನು ನೆನೆಯಬೇಕು. 1994ರ ಸೆಪ್ಟೆಂಬರ್‌ನಲ್ಲಿ ಆ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆ ವರ್ಷದ ಮಳೆಗೆ ಊರಿನ ತಗ್ಗು ಪ್ರದೇಶಗಳು ಮುಳುಗಿ ಕೊಳೆತಿದ್ದವು. ರೋಗದ ಸುದ್ದಿ ಹಬ್ಬಿದ್ದೇ ತಡ, ಟೆಟ್ರಾಸೈಕ್ಲಿನ್ ಮಾತ್ರೆಗಳು ಔಷಧಿ ಅಂಗಡಿಗಳಿಂದ ಮಾಯವಾದವು, ಲಕ್ಷಾಂತರ ಜನ ಊರು ಬಿಟ್ಟರು. ಮಾತ್ರೆ ಬಚ್ಚಿಟ್ಟುಕೊಂಡವರಿಂದ ಸೂರತ್ ಉದ್ಧಾರವಾಗಲಿಲ್ಲ. 1995ರಲ್ಲಿ ಎಸ್. ಆರ್. ರಾವ್ ಎಂಬವರು ನಗರಪಾಲಿಕೆಯ ಆಯುಕ್ತರಾಗಿ ಬಂದು ದಿನನಿತ್ಯ ಕಸ ಎತ್ತಿಸಿ, ಚರಂಡಿ ತೆಗೆಸಿ, ಅಧಿಕಾರಿಗಳನ್ನು ಬೀದಿಗಿಳಿಸಿದ ಮೇಲೆ ಆ ಊರು ದೇಶದ ಶುಚಿಯಾದ ನಗರಗಳ ಸಾಲಿಗೆ ಬಂತು.

ಇಲ್ಲಿ ಸಾಬೂನಿಗೂ ಅಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪಕ್ಕದ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಅವರು ಹಸಿಯುತ್ತಾರೆ, ನಿಮ್ಮ ಹೊಟ್ಟೆ ತುಂಬಿಯೇ ಇರುತ್ತದೆ. ಪಕ್ಕದ ಮನೆಯಲ್ಲಿ ಸಾಬೂನು ಇಲ್ಲದಿದ್ದರೆ ರೋಗ ಅವರ ಮನೆಯಲ್ಲೇ ನಿಲ್ಲುವುದಿಲ್ಲ. ಅದೇ ಬಾವಿ, ಅದೇ ನಲ್ಲಿ, ಅದೇ ನೊಣ. ಒಂದು ಬೀದಿಯ ಅಂಗಡಿಯಲ್ಲಿ 200 ಬಿಲ್ಲೆಗಳಿವೆ, ಬೀದಿಯಲ್ಲಿ 100 ಮನೆಗಳಿವೆ ಎಂದಿಟ್ಟುಕೊಳ್ಳಿ. ಮನೆಗೆ ಎರಡರಂತೆ ಹಂಚಿದರೆ ಬೀದಿಯೇ ಒಂದೆರಡು ವಾರ ಕ್ಷೇಮ. ಮೊದಲು ಓಡಿದ ಹತ್ತು ಮನೆಯವರು ಇಪ್ಪತ್ತಿಪ್ಪತ್ತು ಹೊತ್ತು ತಂದರೆ ತೊಂಬತ್ತು ಮನೆಗಳ ಕೈ ಬರಿದು. ಆ ತೊಂಬತ್ತು ಮನೆಗಳ ಮಧ್ಯೆ ಬದುಕಬೇಕಾದವರು ಈ ಹತ್ತು ಮನೆಯವರೇ. ಮುಂಚಿತವಾಗಿ ಸಂಗ್ರಹಿಸಿಟ್ಟವರು ಆಪತ್ತಿನ ದಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಿದ್ದುದು, ಮೊದಲೇ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರಿಗೆ ಉಳಿಯುತ್ತದೆ.

ಎಷ್ಟಿರಬೇಕು ಎಂಬ ಪ್ರಶ್ನೆಗೆ ಒಂದು ಅಳತೆ ಇದೆ. ಆಪತ್ತಿನಲ್ಲಿ ನೆರವು ನೀಡುವ ಸಂಸ್ಥೆಗಳು ಜಗತ್ತಿನಾದ್ಯಂತ ಅನುಸರಿಸುವ ‘ಸ್ಫಿಯರ್’ ಎಂಬ ಕೈಪಿಡಿಯ ಪ್ರಕಾರ, ಒಬ್ಬರಿಗೆ ತಿಂಗಳಿಗೆ ಮೈ ಕೈ ತೊಳೆಯಲು 250 ಗ್ರಾಂ, ಬಟ್ಟೆ ಒಗೆಯಲು 200 ಗ್ರಾಂ ಸಾಬೂನು ಬೇಕು. ಐದು ಜನರ ಮನೆಗೆ ಸ್ನಾನದ ಸಾಬೂನು ಒಂದೂಕಾಲು ಕಿಲೋ, ಬಟ್ಟೆಯದು ಒಂದು ಕಿಲೋ. 100 ಗ್ರಾಮಿನ ಬಿಲ್ಲೆಯಾದರೆ ಹದಿಮೂರು. ತಿಂಗಳಿಗೆರಡು ಹೆಚ್ಚಾಗಿ ತಂದರೆ ಏಳು ತಿಂಗಳಲ್ಲಿ ಒಂದು ತಿಂಗಳ ಸಂಗ್ರಹ ಕೂಡುತ್ತದೆ. ಕೂಲಿ ಮಾಡಿ ಅಂದಂದಿನ ಸಾಮಾನು ಅಂದಂದೇ ತರುವ ಮನೆಗೆ ಇದೂ ಭಾರವೇ, ಅದನ್ನು ನಾವು ಒಪ್ಪಿಕೊಳ್ಳಬೇಕು. ಅವರಿಗೆ ಹತ್ತು ದಿನದ ಸಂಗ್ರಹವಾದರೂ ಸಾಕು. ಸ್ವಸಹಾಯ ಸಂಘಗಳು ಮಳೆಗಾಲಕ್ಕೆ ಮುಂಚೆ ಒಟ್ಟಾಗಿ ಸಗಟಿನಲ್ಲಿ ಕೊಂಡು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಸಾಬೂನು ಇಟ್ಟಷ್ಟೂ ಕೆಡುವ ವಸ್ತುವಲ್ಲ. ಒಣಗಿ ಗಟ್ಟಿಯಾದ ಬಿಲ್ಲೆ ನಿಧಾನವಾಗಿ ಸವೆಯುತ್ತದೆ, ಆ ಮಟ್ಟಿಗೆ ಲಾಭವೇ. ಬ್ಲೀಚಿಂಗ್ ಪುಡಿ ಹಾಗಲ್ಲ. ಗಾಳಿ, ತೇವ, ಬಿಸಿಲು ತಗಲಿದರೆ ಅದರ ಕ್ಲೋರಿನ್ ಹಾರಿಹೋಗಿ ಬರಿಯ ಸುಣ್ಣದಂತಾಗುತ್ತದೆ. ನಾಲ್ಕು ವರ್ಷದ ಹಿಂದಿನ ಚೀಲವೊಂದನ್ನು ಮೂಲೆಯಲ್ಲಿಟ್ಟುಕೊಂಡು ಧೈರ್ಯವಾಗಿರುವುದು ವ್ಯರ್ಥ. ತಂದರೆ ಸ್ವಲ್ಪವೇ ತನ್ನಿ, ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಗಡಿನ ಡಬ್ಬಿಯನ್ನು ಅದು ತಿಂದುಹಾಕುತ್ತದೆ. ಬಾವಿಗೆ ಹಾಕುವ ಕೆಲಸವನ್ನು ಆರೋಗ್ಯ ಕಾರ್ಯಕರ್ತರಿಗೇ ಬಿಡುವುದು ಕ್ಷೇಮ. ತಿಳಿಯಾದ 1000 ಲೀಟರ್ ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ ಸಾಕು ಎಂದರೆ ಅಳತೆ ಎಷ್ಟು ಸೂಕ್ಷ್ಮವೆಂದು ನಿಮಗೇ ತಿಳಿಯುತ್ತದೆ. ಮನೆಯ ಕೊಡಕ್ಕೆ ಕ್ಲೋರಿನ್ ಮಾತ್ರೆಯೇ ಸುಲಭ: ಎಷ್ಟು ಲೀಟರಿಗೆ ಒಂದು ಎಂಬುದನ್ನು ಹೊದಿಕೆಯ ಮೇಲೆ ಓದಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ, ಅರ್ಧ ಗಂಟೆ ಕಾಯಬೇಕು. ಕೆಸರು ನೀರಾದರೆ ಮೊದಲು ಪಟಿಕ ಹಾಕಿ ತಿಳಿಯಾಗಲು ಬಿಡಿ. ಪಟಿಕ ಕೆಸರನ್ನು ಕೂರಿಸುತ್ತದೆಯೇ ಹೊರತು ನೀರನ್ನು ಕುಡಿಯಲು ಯೋಗ್ಯ ಮಾಡುವುದಿಲ್ಲ. ಉರುವಲು ಇದ್ದರೆ ಚೆನ್ನಾಗಿ ಮರಳಿಸಿದ ನೀರಿಗೆ ಸಮನಾದದ್ದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಬ್ಲೀಚಿಂಗ್ ಪುಡಿಯನ್ನೂ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಎಂದಿಗೂ ಬೆರೆಸಬಾರದು, ಒಂದೇ ಗೂಡಿನಲ್ಲಿ ಇಡಲೂಬಾರದು. ಎರಡೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣ ತೆಗೆದೀತು. ಫಿನಾಯಿಲನ್ನು ಹಳೆಯ ತಂಪುಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಪುಟ್ಟ ಮಕ್ಕಳಿಗೆ ಬಾಟಲಿ ಗೊತ್ತೇ ಹೊರತು ಫಿನಾಯಿಲ್ ಗೊತ್ತಿಲ್ಲ. ಸ್ಯಾನಿಟೈಸರ್ ಬೆಂಕಿ ಹತ್ತುವ ದ್ರವ, ಒಲೆಯಿಂದ ದೂರವಿರಲಿ. ಕೊಳೆ ಮೆತ್ತಿದ ಕೈಗೆ ಅದು ಪ್ರಯೋಜನವಿಲ್ಲ, ಆದ್ದರಿಂದ ಸಣ್ಣ ಬಾಟಲಿಯೊಂದು ಸಾಕು.

ಉಳಿದಂತೆ ಏನೇನು? ಮುಚ್ಚಳವಿರುವ ಎರಡು ಕೊಡ ಅಥವಾ ಕ್ಯಾನು, ಒಂದು ನೀರು ತರಲು, ಒಂದು ಕುಡಿಯುವ ನೀರಿಗೆ. ಹಲ್ಲುಪುಡಿ, ಒಂದೆರಡು ಟವೆಲು, ಸೊಳ್ಳೆಬತ್ತಿ. ಪ್ಯಾಡುಗಳು, ಅಥವಾ ಬಟ್ಟೆ ಬಳಸುವವರಾದರೆ ಬಿಸಿಲಿನಲ್ಲಿ ಒಣಗಿಸಿದ ಶುಭ್ರವಾದ ಹತ್ತಿ ಬಟ್ಟೆ, ತೇವ ತಗಲದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟದ್ದು. ನಾಲ್ಕಾರು ಓ.ಆರ್.ಎಸ್. ಪೊಟ್ಟಣ, ಅದು ಸಿಗದಿದ್ದರೆ ಕುಡಿಯಲು ಯೋಗ್ಯವಾದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಶೌಚಾಲಯಕ್ಕೆ ನೀರು ನುಗ್ಗಿದರೆ ಏನು ಗತಿ ಎಂಬ ಮಾತನ್ನು ಯಾರೂ ಆಡುವುದಿಲ್ಲ, ಆದರೆ ಅದು ಮೊದಲ ದಿನವೇ ಬರುವ ಕಷ್ಟ. ಮುಚ್ಚಳವಿರುವ ಒಂದು ಹಳೆಯ ಬಕೆಟ್ಟು, ದಪ್ಪ ಚೀಲಗಳು, ಮೇಲೆ ಉದುರಿಸಲು ಒಂದು ಡಬ್ಬಿ ಬೂದಿ ಇದ್ದರೆ ಮುದುಕರಿಗೆ, ಮಕ್ಕಳಿಗೆ ಎಷ್ಟೋ ಉಪಕಾರ.

ಇವನ್ನೆಲ್ಲ ಬಚ್ಚಲುಮನೆಯಲ್ಲಿಡಬೇಡಿ. ನೀರು ಮೊದಲು ಬರುವುದೇ ಅಲ್ಲಿಗೆ. ಅಟ್ಟವಿದ್ದರೆ ಅಟ್ಟ, ಇಲ್ಲದಿದ್ದರೆ ಅಲಮಾರಿನ ಮೇಲಿನ ಖಾನೆ. ಹಾಗೆಂದು ಇಟ್ಟು ಮರೆತುಬಿಡುವುದೂ ಅಲ್ಲ. ಅಜ್ಜಿಯರು ಹಳೆಯ ಜಾಡಿ ಖಾಲಿಯಾಗದೆ ಹೊಸ ಉಪ್ಪಿನಕಾಯಿಯ ಬಾಯಿ ತೆರೆಯುತ್ತಿರಲಿಲ್ಲ. ಇಲ್ಲೂ ಅದೇ ಕ್ರಮ: ಹೊಸದು ಹಿಂದಕ್ಕೆ, ಹಳೆಯದು ಬಳಕೆಗೆ. ಮಾತ್ರೆ, ಓ.ಆರ್.ಎಸ್.ಗಳ ತಾರೀಖನ್ನು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ನೋಡಿಕೊಳ್ಳಿ. ರಜೆಯಲ್ಲಿರುವ ನಿಮಗೆ ಒಪ್ಪುವ ಕೆಲಸ ಅದು.

ಕೊನೆಯದಾಗಿ, ಎಲ್ಲಾದರೂ ನೆರೆ ಬಂದಾಗ ನಿಮ್ಮ ಕಾಲೇಜಿನಿಂದ ಎನ್.ಎಸ್.ಎಸ್.ನವರು ಲಾರಿಯೊಡನೆ ಸಾಮಾನು ಸಂಗ್ರಹಿಸಲು ಹೊರಡುತ್ತೀರಿ. ಸಾಮಾನ್ಯವಾಗಿ ಬಂದು ಬೀಳುವುದು ಹಳೆಯ ಬಟ್ಟೆಯ ರಾಶಿ. ಮುಂದಿನ ಸಲ ಬಾಗಿಲು ತಟ್ಟುವಾಗ ಬಟ್ಟೆ ಕೇಳಬೇಡಿ. ಸಾಬೂನು, ಮುಚ್ಚಳದ ಬಕೆಟ್ಟು, ಪ್ಯಾಡು, ಓ.ಆರ್.ಎಸ್., ಹೊಸ ಒಳಉಡುಪು ಕೇಳಿ. ಒಂದೊಂದು ಬಗೆಯನ್ನು ಒಂದೊಂದು ಗೋಣಿಯಲ್ಲಿ ತುಂಬಿ ಕಳಿಸಿದರೆ ಅಲ್ಲಿ ಬಿಚ್ಚಿ ಹಂಚುವವರಿಗೆ ದಿನವಿಡೀ ಕೆಲಸ. ಒಂದು ಮನೆಗೆ ಬೇಕಾದುದನ್ನೆಲ್ಲ ಒಂದೇ ಬಕೆಟ್ಟಿನಲ್ಲಿಟ್ಟು ಮುಚ್ಚಳ ಹಾಕಿ, ಮೇಲೆ ಒಳಗೇನಿದೆ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಕೊಡುವ ಕೆಲಸಕ್ಕೆ ನಿಮ್ಮ ಜೊತೆ ವಿದ್ಯಾರ್ಥಿನಿಯರೂ ಇರಲಿ. ಶಿಬಿರದ ಹೆಣ್ಣುಮಕ್ಕಳು ತಮಗೆ ಏನು ಬೇಕೆಂದು ಅವರ ಹತ್ತಿರ ಹೇಳಿಯಾರು.